‘ನಿಮ್ಮ ಜನರ ಮೈ ಗಟ್ಟಿ’ ಅಂದ ಡಾಕ್ಟರಿಗೆ ಏನು ಹೇಳಲಿ? – ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯ ಇಲ್ಲ. ಒಬ್ಬರು ಖಾನಾಪುರ ಕಡೆಯವರು, ಒಬ್ಬರು ಜಮಖಂಡಿ, ಒಬ್ಬರು ಇಳಕಲ್ಲು, ಒಬ್ಬರು ಗೋಕಾಕ. ಆದರೆ ನಾಲ್ಕೂ ಪತ್ರ ಓದಿ ಮುಗಿಸಿದಾಗ ಒಂದೇ ಮನೆಯ ಜಗಳ ಕೇಳಿದ ಹಾಗಾಯಿತು. ಮೊದಲನೆಯದಕ್ಕೆ ಉತ್ತರ ಉದ್ದ ಆಗಿದೆ, ಬೈಯಬೇಡಿ. ಮೊಣಕಾಲು ನೋವಿನ ಪತ್ರಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಮೇಡಂ, ನಾವು ಸಿದ್ದಿ ಜನ, ಬಹಳ ಹಿಂದೆ ಆಫ್ರಿಕಾದಿಂದ ಬಂದವರ ವಂಶ. ಖಾನಾಪುರ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ ನಮ್ಮದು. ನಾನು ಬೆಳಗಾವಿಯಲ್ಲಿ ಟೆಂಪೋ ಓಡಿಸುತ್ತೇನೆ. ಹೋದ ಮಳೆಗಾಲದಲ್ಲಿ ಅವ್ವನಿಗೆ ಜ್ವರ, ಕೆಮ್ಮು ಬಂದು ಉಸಿರಾಡಲು ತ್ರಾಸ ಆಗುತ್ತಿತ್ತು. ಬೆಳಗಾವಿಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಚೀಟಿ ಮಾಡಿಸುವಲ್ಲಿ ಕೂತಿದ್ದ ಹುಡುಗಿ ನಮ್ಮನ್ನು ನೋಡಿ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದಳು. ನಾನು ಕನ್ನಡದಲ್ಲಿ ಉತ್ತರ ಕೊಟ್ಟರೆ ಅಕ್ಕಪಕ್ಕದವರು ನಕ್ಕರು. ಒಳಗೆ ಡಾಕ್ಟರ್ ಸಾಹೇಬರೂ ‘ಯಾವ ದೇಶ?’ ಅಂತಲೇ ಶುರು ಮಾಡಿದರು. ರಕ್ತದ ಆಮ್ಲಜನಕ ನೋಡುವ ಕ್ಲಿಪ್ ಅವ್ವನ ಬೆರಳಿಗೆ ಹಾಕಿದರು, 94 ಬಂತು. ಎದೆಗೆ ಸ್ಟೆತಸ್ಕೋಪ್ ಇಡಲೇ ಇಲ್ಲ. ‘ನಿಮ್ಮ ಜನರ ಮೈ ಗಟ್ಟಿ ಇರ್ತದ, ಏನೂ ಆಗಂಗಿಲ್ಲ, ಕುಡಿಯೋದು ಕಡಿಮಿ ಮಾಡ್ರಿ’ ಅಂದು ಗುಳಿಗೆ ಬರೆದುಕೊಟ್ಟರು. ನಮ್ಮ ಅವ್ವ ಜನ್ಮದಲ್ಲಿ ಕುಡಿದವಳಲ್ಲ. ಮೂರನೇ ದಿನ ರಾತ್ರಿ ಬೇರೆ ಕಡೆ ಅಡ್ಮಿಟ್ ಮಾಡಬೇಕಾಯಿತು. ನ್ಯುಮೋನಿಯಾ ಅಂದರು, ಎಂಟು ದಿನ ಇಟ್ಟುಕೊಂಡರು. ಈಗ ಅರಾಮ ಇದ್ದಾಳೆ. ಆದರೆ ಸತ್ತರೂ ದವಾಖಾನೆಗೆ ಬರುವುದಿಲ್ಲ ಅನ್ನುತ್ತಾಳೆ. ಊರಲ್ಲಿ ಸೊಪ್ಪಿನ ಔಷಧ ಕೊಡುವವರ ಹತ್ತಿರ ಮಾತ್ರ ಹೋಗುತ್ತಾಳೆ, ಬಿ.ಪಿ. ಗುಳಿಗೆಯನ್ನೂ ಬಿಟ್ಟಿದ್ದಾಳೆ. ಇದೆಲ್ಲ ನಮ್ಮ ಬಣ್ಣ ನೋಡಿ ಆಗಿದ್ದಾ? ಆ ಕ್ಲಿಪ್ ಕಪ್ಪು ಮೈಯವರಿಗೆ ತಪ್ಪು ತೋರಿಸುತ್ತದೆ ಅಂತ ಗೆಳೆಯ ಹೇಳಿದ, ಅದು ನಿಜವಾ? ಅವ್ವನನ್ನು ಮತ್ತೆ ಹೇಗೆ ಕರೆದುಕೊಂಡು ಹೋಗಲಿ?
ಹೆಸರು ಬೇಡ, ಖಾನಾಪುರ ತಾಲ್ಲೂಕು

ಉತ್ತರ: ತಮ್ಮಾ, ಮೊದಲು ಬಿ.ಪಿ. ಗುಳಿಗೆಯ ಮಾತು. ಉಳಿದದ್ದೆಲ್ಲ ಆಮೇಲೆ. ಇವತ್ತೇ ಊರಿಗೆ ಫೋನ್ ಮಾಡಿ. ಆಶಾ ಕಾರ್ಯಕರ್ತೆಗೆ ಹೇಳಿದರೆ ಅವ್ವನ ಬಿ.ಪಿ. ನೋಡಿಸುತ್ತಾರೆ. ಅವ್ವ ದವಾಖಾನೆಗೆ ಬರದಿದ್ದರೂ ಇದಾಗುತ್ತದೆ. ದಿಢೀರ್ ಅಂತ ಗುಳಿಗೆ ಬಿಟ್ಟವರಿಗೆ ಲಕ್ವಾ ಹೊಡೆದದ್ದನ್ನು ನಾನು ಬಹಳ ನೋಡಿದ್ದೇನೆ. ಸೊಪ್ಪಿನ ಔಷಧದವರ ಹತ್ತಿರ ಹೋಗುವುದನ್ನು ಬಿಡಿಸಲು ಜಗಳ ತೆಗೆಯಬೇಡಿ, ಆದರೆ ಏನು ಕೊಡುತ್ತಾರೆ ಅಂತ ಕೇಳಿ ಇಟ್ಟುಕೊಳ್ಳಿ. ಅವ್ವ ಅಲ್ಲಿಗೇ ಯಾಕೆ ಹೋಗುತ್ತಾಳೆ ಅಂತ ಒಂದು ಸಲ ಯೋಚನೆ ಮಾಡಿ ನೋಡಿ. ಅವರು ಕೈ ಹಿಡಿದು ನಾಡಿ ನೋಡುತ್ತಾರೆ. ನಿನ್ನೆ ಏನು ಉಂಡೆ, ನಿದ್ದೆ ಬಂತಾ, ಸೊಸೆ ಹೇಗಿದ್ದಾಳೆ ಅಂತ ಕೇಳುತ್ತಾರೆ. ನಮ್ಮ ದವಾಖಾನೆಯಲ್ಲಿ ಅವ್ವನಿಗೆ ಸಿಕ್ಕಿದ್ದು ಒಂದು ಕ್ಲಿಪ್.

ಬಣ್ಣ ನೋಡಿ ಆಗಿದ್ದಾ ಅಂತ ಕೇಳಿದ್ದೀರಿ. ಪಾಸ್‌ಪೋರ್ಟ್ ಕೇಳಿದ್ದು, ಯಾವ ದೇಶ ಅಂದಿದ್ದು ಖಂಡಿತ ಬಣ್ಣ ನೋಡಿಯೇ. ಅದರಲ್ಲಿ ಅನುಮಾನ ಬೇಡ. ಎದೆ ಪರೀಕ್ಷೆ ಮಾಡದೇ ಇದ್ದದ್ದು ಮಾತ್ರ ಬಣ್ಣ ನೋಡಿಯೋ, ಹೊರಗೆ ಎಂಬತ್ತು ಜನ ಕೂತಿದ್ದರು ಅಂತಲೋ, ಇಲ್ಲಿ ಕೂತು ಹೇಳಲು ನನಗೆ ಆಗುವುದಿಲ್ಲ. ಆದರೆ ಒಂದು ಗೊತ್ತು. ಅವಸರದಲ್ಲಿರುವ ಡಾಕ್ಟರು ಯಾರನ್ನು ಬೇಗ ಮುಗಿಸಿ ಕಳಿಸುತ್ತಾರೆ ಅನ್ನುವುದರಲ್ಲಿ ಬಣ್ಣ, ಬಟ್ಟೆ, ಮಾತಿನ ಧಾಟಿ ಎಲ್ಲ ಸೇರಿಕೊಳ್ಳುತ್ತವೆ. ‘ನಿಮ್ಮ ಜನ ಹೀಗೆ’ ಅಂತ ಒಂದು ಸಾಲು ಮನಸ್ಸಿಗೆ ಬಂದರೆ ಸಾಕು, ಮುಂದೆ ನೋಡುವ ಕೆಲಸವೇ ನಿಂತುಹೋಗುತ್ತದೆ. ಕುಡಿಯುತ್ತಾರೆ ಅಂದುಕೊಂಡರು, ಗಟ್ಟಿ ಇದ್ದಾರೆ ಅಂದುಕೊಂಡರು. ಎರಡು ಸುಳ್ಳಿನ ನಡುವೆ ನ್ಯುಮೋನಿಯಾ ತಪ್ಪಿಹೋಯಿತು.

ಇದನ್ನು ನಾನು ಬೇರೆಯವರ ಮೇಲೆ ಬೆರಳು ಮಾಡಿ ಬರೆಯುತ್ತಿಲ್ಲ. ಮೂವತ್ತೈದು ವರ್ಷದ ಹಿಂದೆ ವಿಜಯಪುರ ಕಡೆ ಒಂದು ದವಾಖಾನೆಯಲ್ಲಿ ನಾನು ರಾತ್ರಿ ಡ್ಯೂಟಿ ಮಾಡುತ್ತಿದ್ದೆ. ತಾಂಡಾದಿಂದ ಒಬ್ಬ ಲಂಬಾಣಿ ಹೆಣ್ಣುಮಗಳನ್ನು ಹೆರಿಗೆಗೆ ಕರೆತಂದಿದ್ದರು. ನೋವು ತಡೆಯಲಾಗದೆ ಕೂಗುತ್ತಿದ್ದಳು. ನಾನು ಏನಂದೆ ಗೊತ್ತಾ? ‘ಕಬ್ಬು ಕಡಿಯೋರು ನೀವು, ಇಷ್ಟಕ್ಕೆ ಕೂಗ್ತೀಯೇನು’ ಅಂದೆ. ನರ್ಸ್ ನಕ್ಕಳು, ನಾನೂ ನಕ್ಕೆ. ಒಂದು ತಾಸು ಬಿಟ್ಟು ಸೀನಿಯರ್ ಬಂದು ಹೊಟ್ಟೆ ಮುಟ್ಟಿ ನೋಡಿದರೆ ಮಗು ಅಡ್ಡ ಇತ್ತು. ತಾಯಿ, ಮಗು ಇಬ್ಬರೂ ಉಳಿದರು, ಅದು ನನ್ನ ಪುಣ್ಯವೇ ಹೊರತು ಜಾಣತನ ಅಲ್ಲ. ಆಕೆ ಡಿಸ್ಚಾರ್ಜ್ ಆಗಿ ಹೋಗುವಾಗ ಎಲ್ಲರಿಗೂ ಕೈ ಮುಗಿದಳು, ನನ್ನ ಕಡೆ ಮಾತ್ರ ನೋಡಲಿಲ್ಲ. ಈ ಕಾಲಂ ಬರೆಯಲು ಕೂತಾಗಲೆಲ್ಲ ಅದು ನೆನಪಾಗುತ್ತದೆ.

ಈ ‘ಮೈ ಗಟ್ಟಿ’ ಅನ್ನುವ ಮಾತು ಬೆಳಗಾವಿಯಲ್ಲಿ ಹುಟ್ಟಿದ್ದೂ ಅಲ್ಲ, ಇವತ್ತು ಹುಟ್ಟಿದ್ದೂ ಅಲ್ಲ. ಅಮೆರಿಕದ ಅಲಬಾಮಾದಲ್ಲಿ 1840ರ ದಶಕದಲ್ಲಿ ಮೇರಿಯನ್ ಸಿಮ್ಸ್ ಅನ್ನುವ ಸರ್ಜನ್ ಗುಲಾಮ ಹೆಂಗಸರ ಮೇಲೆ ಮತ್ತೆ ಮತ್ತೆ ಆಪರೇಷನ್ ಮಾಡಿ ಕಲಿತ, ಅರಿವಳಿಕೆ ಕೊಡದೆ. ಅನಾರ್ಕಾ, ಲೂಸಿ, ಬೆಟ್ಸಿ ಅಂತ ಮೂವರ ಹೆಸರು ಮಾತ್ರ ಉಳಿದಿದೆ. ಅವನನ್ನು ಸ್ತ್ರೀರೋಗ ಶಾಸ್ತ್ರದ ಪಿತಾಮಹ ಅಂತ ಹೊಗಳಿ ನ್ಯೂಯಾರ್ಕಿನಲ್ಲಿ ಪ್ರತಿಮೆ ನಿಲ್ಲಿಸಿದ್ದರು, 2018ರಲ್ಲಿ ತೆಗೆದರು. ಹೋಗಲಿ, ಅದು ಹಳೇ ಕಾಲ ಅಂತೀರಾ? 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಟ್ರೈನಿಂಗಿನಲ್ಲಿದ್ದ ಡಾಕ್ಟರುಗಳನ್ನೂ ಕೇಳಿ ನೋಡಿದರು. ಕಪ್ಪು ಜನರ ಚರ್ಮ ದಪ್ಪ, ಅವರ ನರಕ್ಕೆ ನೋವು ಕಡಿಮೆ ಗೊತ್ತಾಗುತ್ತದೆ, ಇಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಇದ್ದರು. ಹಾಗೆ ನಂಬಿದವರು ಕಪ್ಪು ರೋಗಿಯ ನೋವಿಗೆ ಕಡಿಮೆ ಅಂಕ ಕೊಟ್ಟರು, ಅವರು ಹೇಳಿದ ಚಿಕಿತ್ಸೆಯೂ ಅಷ್ಟು ಸರಿ ಇರಲಿಲ್ಲ. ನಮ್ಮಲ್ಲಿ ಇದೇ ಮಾತು ಹೊಗಳಿಕೆಯ ಅಂಗಿ ತೊಟ್ಟು ಬರುತ್ತದೆ. 1980ರ ದಶಕದ ಕೊನೆಗೆ ಕ್ರೀಡಾ ಪ್ರಾಧಿಕಾರದವರು ಸಿದ್ದಿ ಮಕ್ಕಳನ್ನು ಹುಡುಕಿ ಹುಡುಕಿ ಓಟಕ್ಕೆ ಆರಿಸಿದರು, ‘ಆಫ್ರಿಕಾ ಮೂಲದವರು, ಓಡುತ್ತಾರೆ’ ಅಂತ. ಕೆಲವರು ಪದಕವನ್ನೂ ತಂದರು. ಆದರೆ ಓಡುವ ಮೈಗೂ ಜ್ವರ ಬರುತ್ತದೆ ಅಲ್ವಾ?

ಇನ್ನು ‘ಯಾವ ದೇಶ’ ಅನ್ನುವ ಪ್ರಶ್ನೆ. ನಾನು ಗೋಲಗುಂಬಜದ ಊರಿನವಳು. ಆ ಗುಂಬಜದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ದರ್ಬಾರಿನಲ್ಲಿ ಇಖ್ಲಾಸ್ ಖಾನ್ ಅಂತ ದೊಡ್ಡ ಮಂತ್ರಿ ಇದ್ದ, ಹಬಶಿ ಅಂದರೆ ಆಫ್ರಿಕಾ ಮೂಲದವನು. ಚಿತ್ರಗಳಲ್ಲಿ ಅವನ ಕಪ್ಪು ಮುಖ ಇವತ್ತಿಗೂ ಇದೆ. ನಿಮ್ಮ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. ಆ ಡಾಕ್ಟರ ಮನೆತನ ಬೆಳಗಾವಿಗೆ ಬರುವ ಎಷ್ಟೋ ಮೊದಲೇ ನಿಮ್ಮವರು ಇಲ್ಲಿ ಇದ್ದಿರಬಹುದು. ಇದನ್ನು ಅವರ ಮುಂದೆ ಹೇಳಬೇಕಾಗಿಲ್ಲ, ನೀವು ತಿಳಿದಿದ್ದರೆ ಸಾಕು.

ಈಗ ಕ್ಲಿಪ್ಪಿನ ಮಾತು. ನಿಮ್ಮ ಗೆಳೆಯ ಹೇಳಿದ್ದು ನಿಜ. ಆ ಕ್ಲಿಪ್ ಬೆರಳಿನ ಮೂಲಕ ಎರಡು ಬೆಳಕು ಹಾಯಿಸುತ್ತದೆ, ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ಇರುವ ರಕ್ತ ಒಂದನ್ನು ಜಾಸ್ತಿ ಹೀರುತ್ತದೆ, ಇಲ್ಲದ್ದು ಇನ್ನೊಂದನ್ನು. ಆ ಲೆಕ್ಕದ ಮೇಲೆ ನಂಬರ್ ಬರುತ್ತದೆ. ಚರ್ಮದ ಕಪ್ಪು ಬಣ್ಣವೂ ಬೆಳಕು ಹೀರುವುದರಿಂದ ಲೆಕ್ಕ ಸ್ವಲ್ಪ ಏರುಪೇರಾಗಿ, ನಿಜಕ್ಕಿಂತ ಜಾಸ್ತಿ ತೋರಿಸುವ ಸಾಧ್ಯತೆ ಇದೆ. 2020ರ ಡಿಸೆಂಬರಿನಲ್ಲಿ ಮಿಶಿಗನ್ನಿನ ಡಾಕ್ಟರುಗಳು ಇದನ್ನು ದೊಡ್ಡದಾಗಿ ಎತ್ತಿ ತೋರಿಸಿದರು. ಕ್ಲಿಪ್ 92ರಿಂದ 96 ತೋರಿಸುತ್ತಿದ್ದಾಗ ರಕ್ತ ತೆಗೆದು ಪರೀಕ್ಷೆ ಮಾಡಿದರೆ, ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6, ಕಪ್ಪು ಜನರಲ್ಲಿ ನೂರಕ್ಕೆ 11.7. ಕೋವಿಡ್ ಕಾಲದಲ್ಲಿ ಈ ನಂಬರ್ ನೋಡಿಯೇ ಬೆಡ್ ಕೊಡುತ್ತಿದ್ದರು, ನೆನಪಿರಲಿ. ಮುಂದಿನ ವರ್ಷ ಅಮೆರಿಕದ ಔಷಧ ಇಲಾಖೆಯೂ ಎಚ್ಚರಿಕೆ ಹೊರಡಿಸಿತು.

ಹಾಗಂತ ಕ್ಲಿಪ್ ಎಸೆಯಬೇಡಿ. ಒಂದೇ ನಂಬರ್ ನೋಡಿ ಸುಮ್ನೆ ಕೂರಬಾರದು, ಅಷ್ಟೇ. ನಿನ್ನೆ 97 ಇದ್ದದ್ದು ಇವತ್ತು 94 ಆದರೆ ಇಳಿಯುತ್ತಿದೆ ಅಂತ ಅರ್ಥ. ಬೆರಳು ತಣ್ಣಗಿದ್ದರೂ, ಉಗುರಿಗೆ ಬಣ್ಣ, ಮದರಂಗಿ ಇದ್ದರೂ ನಂಬರ್ ಹೆಚ್ಚುಕಡಿಮೆ ಆಗಬಹುದು. ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ಮನೆಯಲ್ಲೇ ಇದೆ: ಅವ್ವ ಸುಮ್ನೆ ಕೂತಾಗ ಎದೆ ಎಷ್ಟು ಸಲ ಏರಿಳಿಯುತ್ತದೆ ಅಂತ ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 12ರಿಂದ 20 ಇರಬೇಕು. 24 ದಾಟಿದರೆ ಕ್ಲಿಪ್ ಏನೇ ಹೇಳಲಿ ಹೊರಡಿ. 30 ದಾಟಿದರೆ, ಅಥವಾ ಒಂದು ವಾಕ್ಯ ಪೂರಾ ಮಾತಾಡಲು ಆಗದಿದ್ದರೆ, 108ಕ್ಕೆ ಫೋನ್ ಮಾಡಿ.

ಅವ್ವನನ್ನು ಕರೆದುಕೊಂಡು ಹೋಗುವುದಕ್ಕೆ ಜಡ್ಡು ಬರುವ ತನಕ ಕಾಯಬೇಡಿ. ಅರಾಮ ಇರುವಾಗಲೇ, ಬರೀ ಬಿ.ಪಿ. ತೋರಿಸಲು, ಎಂಟು ದಿನ ಇಟ್ಟುಕೊಂಡು ಉಳಿಸಿದರಲ್ಲ, ಅದೇ ಡಾಕ್ಟರ ಹತ್ತಿರ ಹೋಗಿ. ಆ ಮುಖ ಅವ್ವನಿಗೆ ಗೊತ್ತು. ಜೊತೆಗೆ ಅವ್ವನ ಗೆಳತಿಯೋ ತಂಗಿಯೋ ಒಬ್ಬರು ಇರಲಿ, ಯಾಕೆಂದರೆ ಗಂಡಸು ಡಾಕ್ಟರು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಹತ್ತಿರ ಇರಬೇಕು ಅಂತ ಕೇಳುವುದು ರೋಗಿಯ ಹಕ್ಕು. ಒಳಗೆ ಹೋದ ಕೂಡಲೇ ನೀವೇ ಬಾಯಿ ಬಿಟ್ಟು ಹೇಳಿ: ‘ಸಾಹೇಬ್ರೆ, ಹಿಂದೆ ಒಂದು ಕಡೆ ಎದೆ ಪರೀಕ್ಷೆ ಮಾಡದೇ ಕಳಿಸಿದ್ದರು, ಅದಕ್ಕೆ ಅವ್ವ ಹೆದರಿದ್ದಾಳೆ.’ ಇಷ್ಟು ಕೇಳಿದ ಮೇಲೆ ಸ್ಟೆತಸ್ಕೋಪ್ ಎತ್ತದ ಡಾಕ್ಟರನ್ನು ನಾನು ಕಂಡಿಲ್ಲ. ಏನಾಗಿದೆ ಅಂತ ಅವರು ಹೇಳಿದ ಮೇಲೆ ‘ಬೇರೆ ಏನಾದರೂ ಇರಬಹುದಾ, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು’ ಅಂತ ಕೇಳಿ. ಜಗಳದ ಧಾಟಿ ಬೇಡ. ಆದರೆ ಕೇಳದೇ ಏಳಬೇಡಿ.

ದೂರು ಕೊಡಬೇಕು ಅನ್ನಿಸಿದರೆ, ಕೊಡಿ. ನಿಮ್ಮ ಅವ್ವನ ದಾಖಲೆಗಳನ್ನು ಕೇಳಿದ 72 ಗಂಟೆ ಒಳಗೆ ಕೊಡಬೇಕು ಅಂತ ವೈದ್ಯರ ನಡತೆಯ 2002ರ ನಿಯಮದಲ್ಲೇ ಇದೆ. ಎರಡೂ ಕಡೆಯ ಚೀಟಿ, ಎಕ್ಸ್‌ರೇ, ಬಿಲ್ ಜೋಡಿಸಿಕೊಂಡು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಖಾಸಗಿ ದವಾಖಾನೆಗಳ ದೂರು ಕೇಳಲು ಕರ್ನಾಟಕದ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಮುಂದಾಳತ್ವದ ಪ್ರಾಧಿಕಾರ ಇದೆ. ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಇದ್ದವರನ್ನು ಜಾತಿ ಕಾರಣಕ್ಕೆ ಆಸ್ಪತ್ರೆ ಒಳಗೇ ಬಿಡದಿದ್ದರೆ ಅದು ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ, ಆದರೆ ನೀವು ಬರೆದದ್ದು ಆ ಲೆಕ್ಕಕ್ಕೆ ಬರುವುದು ಕಷ್ಟ. ದೂರಿನಲ್ಲಿ ‘ಅವಮಾನ ಆಯಿತು’ ಅಂತ ಒಂದೇ ಸಾಲು ಬರೆಯಬೇಡಿ, ಅದು ಮೂಲೆಗೆ ಬೀಳುತ್ತದೆ. ಉಸಿರಿನ ತ್ರಾಸ ಹೇಳಿದರೂ ಎದೆ ಪರೀಕ್ಷೆ ಮಾಡಲಿಲ್ಲ, ಮೂರು ದಿನದಲ್ಲಿ ನ್ಯುಮೋನಿಯಾ ಅಂತ ಅಡ್ಮಿಟ್ ಆಯಿತು, ಹೀಗೆ ತಾರೀಖು ಸಮೇತ ಬರೆಯಿರಿ. ಪಾಸ್‌ಪೋರ್ಟ್ ಕೇಳಿದ್ದನ್ನು ಅದರ ಕೆಳಗೆ ಬರೆಯಿರಿ.

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಮೈದುನನ ಹಳೇ ಕಿಡ್ನಿ ರಿಪೋರ್ಟ್ (2019) ನೋಡಿದೆ. ಒಂದೇ ರಕ್ತಕ್ಕೆ ಎರಡು ನಂಬರ್ ಇವೆ. ಒಂದರ ಮುಂದೆ ‘ಆಫ್ರಿಕನ್ ಅಮೆರಿಕನ್’ ಅಂತ, ಇನ್ನೊಂದರ ಮುಂದೆ ‘ಅಲ್ಲದವರು’ ಅಂತ ಇದೆ. ಕಿಡ್ನಿಗೂ ಜನಾಂಗ ಇರುತ್ತದಾ? ನಮ್ಮವರು ಯಾವುದನ್ನು ಓದಬೇಕು?
ನಿವೃತ್ತ ಶಿಕ್ಷಕಿ, ಜಮಖಂಡಿ

ಉತ್ತರ: ಟೀಚರ್ ಕಣ್ಣು ತಪ್ಪಿಸುವುದು ಕಷ್ಟ! ಕಿಡ್ನಿಗೆ ಜನಾಂಗ ಇಲ್ಲ ರೀ, ಆ ಲೆಕ್ಕದ ಸೂತ್ರಕ್ಕೆ ಇತ್ತು. ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಸೋಸಿ ಹೊರಹಾಕುವ ಕಸ), ವಯಸ್ಸು, ಗಂಡೋ ಹೆಣ್ಣೋ ಅನ್ನುವುದರ ಮೇಲೆ ಕಿಡ್ನಿ ಎಷ್ಟು ಸೋಸುತ್ತದೆ ಅಂತ ಅಂದಾಜು ಮಾಡುತ್ತಾರೆ. 2009ರ ಸೂತ್ರದಲ್ಲಿ ರೋಗಿ ಕಪ್ಪು ಜನಾಂಗದವರಾದರೆ ಬಂದ ಉತ್ತರವನ್ನು 1.159ರಿಂದ ಗುಣಿಸುತ್ತಿದ್ದರು. ಅವರ ಮೈಯಲ್ಲಿ ಮಾಂಸಖಂಡ ಜಾಸ್ತಿ ಅನ್ನುವುದು ಅದಕ್ಕೆ ಕೊಟ್ಟ ಒಂದು ಕಾರಣ. ಮೇಲಿನ ಪತ್ರದ ‘ಮೈ ಗಟ್ಟಿ’ ನೆನಪಾಯಿತಾ? ಅದೇ ಮಾತು, ಇಲ್ಲಿ ಗಣಿತದ ವೇಷದಲ್ಲಿ. ಇದರಿಂದ ಆಗಿದ್ದೇನೆಂದರೆ ಕಪ್ಪು ರೋಗಿಯ ಕಿಡ್ನಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಅಮೆರಿಕದಲ್ಲಿ ಈ ನಂಬರ್ 20 ಅಥವಾ ಅದಕ್ಕೂ ಕೆಳಗೆ ಬಂದ ಮೇಲೆ ಕಿಡ್ನಿ ಕಸಿಯ ಸರದಿಯಲ್ಲಿ ಕಾಯುವ ದಿನಗಳ ಎಣಿಕೆ ಶುರುವಾಗುತ್ತದೆ. ಅವರದ್ದು 20ಕ್ಕೆ ಇಳಿಯುವುದೇ ತಡ ಆಗುತ್ತಿತ್ತು. 2021ರಲ್ಲಿ ಅಲ್ಲಿನ ಕಿಡ್ನಿ ತಜ್ಞರ ಸಂಘಗಳೇ ಆ ಗುಣಾಕಾರ ತೆಗೆದು ಹೊಸ ಸೂತ್ರ ಕೊಟ್ಟವು. 2023ರಲ್ಲಿ, ಸರದಿಯಲ್ಲಿದ್ದ ಕಪ್ಪು ರೋಗಿಗಳಿಗೆ ಕಳೆದುಹೋದ ಕಾಯುವ ದಿನಗಳನ್ನು ಲೆಕ್ಕಕ್ಕೆ ಸೇರಿಸಿಕೊಡಿ ಅಂತ ಕಸಿ ಕೇಂದ್ರಗಳಿಗೆ ಆದೇಶವಾಯಿತು. ನಿಮ್ಮ ಮೈದುನ ಆ ಹಳೇ ಕಾಗದದಲ್ಲಿ ‘ಅಲ್ಲದವರು’ ಅನ್ನುವ ಸಾಲು ನೋಡಲಿ. ಅದಕ್ಕಿಂತ, ಹೊಸದಾಗಿ ಒಂದು ಪರೀಕ್ಷೆ ಮಾಡಿಸಲಿ.

ಪ್ರಶ್ನೆ: ಡಾಕ್ಟರ್ ಮೇಡಂ, ನನ್ನ ಮಗಳು ಅಮೆರಿಕದಲ್ಲಿ ನರ್ಸ್. ಫೋನ್ ಮಾಡಿದಾಗಲೆಲ್ಲ ಒಂದೇ ದೂರು. ಅಲ್ಲಿನ ಕರಿಯ ರೋಗಿಗಳು ಏನು ಕೊಟ್ಟರೂ ಅನುಮಾನ ಪಡುತ್ತಾರಂತೆ. ಇದು ಯಾವ ಗುಳಿಗೆ, ಯಾಕೆ ಕೊಡುತ್ತೀರಿ, ಈ ಸೂಜಿ ಬೇಡ ಅಂತ. ‘ಬಹಳ ಸಂಶಯದ ಜನ ಅಪ್ಪಾ, ಓದಿದವರೂ ಹಾಗೇ’ ಅನ್ನುತ್ತಾಳೆ. ನಾವಂತೂ ಡಾಕ್ಟರು ಕೊಟ್ಟಿದ್ದನ್ನು ಕಣ್ಣು ಮುಚ್ಚಿ ನುಂಗುವವರು. ಅವರು ಯಾಕೆ ಹಾಗೆ?
ಒಬ್ಬ ತಂದೆ, ಇಳಕಲ್ಲು

ಉತ್ತರ: ಅಣ್ಣಾವರೆ, ಮಗಳು ಅಷ್ಟು ದೂರ ಹೋಗಿ ದುಡಿಯುತ್ತಿದ್ದಾಳೆ, ಅವಳ ದಣಿವು ನನಗೆ ಅರ್ಥವಾಗುತ್ತದೆ. ಆದರೆ ‘ಸಂಶಯದ ಜನ’ ಅನ್ನುವ ಮಾತನ್ನು ಅವಳಿಂದ ಬಿಡಿಸಿ. ಅವಳಿಗೆ ಈ ಕಥೆ ಹೇಳಿ.

ಅಲಬಾಮಾ ರಾಜ್ಯದ ಟಸ್ಕೀಗಿ ಅನ್ನುವ ಊರಿನ ಸುತ್ತ 1932ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸೇವೆಯವರೇ ಒಂದು ಅಧ್ಯಯನ ಶುರು ಮಾಡಿದರು. ಸುಮಾರು 600 ಬಡ ಕಪ್ಪು ಗಂಡಸರು, ಹೆಚ್ಚಿನವರು ಬೇರೆಯವರ ಹೊಲದಲ್ಲಿ ದುಡಿಯುವವರು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇತ್ತು. ರೋಗದ ಹೆಸರು ಹೇಳಲಿಲ್ಲ, ‘ನಿಮಗೆ ಕೆಟ್ಟ ರಕ್ತ ಇದೆ’ ಅಂದರು. ಪುಕ್ಕಟೆ ಊಟ, ಪುಕ್ಕಟೆ ಪರೀಕ್ಷೆ, ಸತ್ತರೆ ಮಣ್ಣು ಮಾಡುವ ಖರ್ಚು ಕೊಡುತ್ತೇವೆ ಅಂದರು. ಬೆನ್ನುಮೂಳೆಗೆ ಸೂಜಿ ಚುಚ್ಚಿ ನೀರು ತೆಗೆಯುವುದನ್ನು ವಿಶೇಷ ಚಿಕಿತ್ಸೆ ಅಂತ ಸುಳ್ಳು ಹೇಳಿ ಕರೆದರು. ನಿಜವಾಗಿ ಬೇಕಾಗಿದ್ದದ್ದು ಔಷಧ ಕೊಡದಿದ್ದರೆ ರೋಗ ಹೇಗೆ ಬೆಳೆಯುತ್ತದೆ ಅಂತ ನೋಡುವುದು. 1940ರ ದಶಕದ ಕೊನೆಯ ಹೊತ್ತಿಗೆ ಪೆನಿಸಿಲಿನ್ ಕೊಟ್ಟರೆ ಗುಣ ಆಗುತ್ತದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಆದರೂ ಕೊಡಲಿಲ್ಲ. ಒಳಗಿನವರೇ ಆದ ಪೀಟರ್ ಬಕ್ಸ್ಟನ್ ಅನ್ನುವವರು ವರ್ಷಗಟ್ಟಲೆ ತಕರಾರು ಮಾಡಿ, ಕೊನೆಗೆ ಪತ್ರಕರ್ತೆಗೆ ತಿಳಿಸಿ, 1972ರಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆ ನಿಂತಿತು. 40 ವರ್ಷ! ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಮತ್ತೆ, ಮಗಳಿಗೆ ಇದನ್ನು ತಪ್ಪದೇ ಹೇಳಿ: ಆ ರೋಗಿಗಳ ಮನೆಗೆ ಹೋಗಿ, ನಂಬಿಸಿ, ಕರೆತರುತ್ತಿದ್ದವರು ಯೂನಿಸ್ ರಿವರ್ಸ್ ಅನ್ನುವ ಒಬ್ಬ ನರ್ಸ್. ಅವರೂ ಕಪ್ಪು ಜನಾಂಗದವರೇ, ರೋಗಿಗಳಿಗೆ ಅವರೆಂದರೆ ಪ್ರೀತಿ. ಅವರ ಬಗ್ಗೆ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ತಿಳಿಯುವುದಿಲ್ಲ.

1972 ಅಂದರೆ ನೀವೂ ನಾನೂ ಹುಟ್ಟಿದ್ದೆವು ಅಲ್ವಾ? ಮಗಳ ವಾರ್ಡಿನಲ್ಲಿ ಮಲಗಿರುವ ಎಪ್ಪತ್ತು ದಾಟಿದ ಅಜ್ಜನಿಗೆ ಅದು ಇತಿಹಾಸ ಅಲ್ಲ, ತನ್ನ ಪ್ರಾಯದ ಕಾಲದ ಸುದ್ದಿ. ದುಡ್ಡು, ಹೆಸರು ಇದ್ದವರಿಗೂ ಇದು ತಪ್ಪಿಲ್ಲ. ಕಪ್ಪು ಜನಾಂಗದವರೇ ಆದ ಟೆನಿಸ್ ಆಟಗಾರ್ತಿ ಸೆರೆನಾ ವಿಲಿಯಮ್ಸ್ 2017ರಲ್ಲಿ ಹೆರಿಗೆಯಾದ ಮರುದಿನ ಉಸಿರು ಸಾಲದೆ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆ, ಸಿ.ಟಿ. ಸ್ಕ್ಯಾನ್ ಮಾಡಿ ಅಂತ ತಾವೇ ಕೇಳಿದರು. ಮೊದಲೂ ಹಾಗಾಗಿದ್ದರಿಂದ ಅವರಿಗೆ ಗೊತ್ತಿತ್ತು. ನೋವಿನ ಔಷಧದ ಅಮಲಿನಲ್ಲಿ ಏನೋ ಅನ್ನುತ್ತಿದ್ದಾರೆ ಅಂದುಕೊಂಡರು ನರ್ಸ್. ಮೊದಲು ಕಾಲಿನ ಸ್ಕ್ಯಾನ್ ಮಾಡಿದರು, ಏನೂ ಸಿಗಲಿಲ್ಲ. ಆಮೇಲೆ ಸಿ.ಟಿ. ಮಾಡಿದರೆ ಶ್ವಾಸಕೋಶದಲ್ಲೇ ಹೆಪ್ಪು.

ಇನ್ನು ನಾವು ಕಣ್ಣು ಮುಚ್ಚಿ ನುಂಗುವವರು ಅಂದಿರಿ. ನಿಜವಾ? ನಿಮ್ಮ ಮುತ್ತಜ್ಜನ ಕಾಲಕ್ಕೆ ಹೋಗೋಣ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದವು, ನಿಮ್ಮ ಇಳಕಲ್ಲೂ ಬಿಜಾಪುರ ಜಿಲ್ಲೆಯಲ್ಲೇ ಇತ್ತು. 1897ರಲ್ಲಿ ಕಾಯ್ದೆ ಮಾಡಿ, ಪುಣೆಯಲ್ಲಿ ಗೋರಾ ಸಿಪಾಯಿಗಳನ್ನು ಮನೆಮನೆಗೆ ನುಗ್ಗಿಸಿದರು. ಪ್ಲೇಗಿನ ಗಡ್ಡೆ ಇದೆಯಾ ಅಂತ ಹೆಂಗಸರ ಕಂಕುಳು ನೋಡಿದರು, ದೇವರಮನೆ ತುಳಿದರು, ರೋಗಿಗಳನ್ನು ಎಳೆದೊಯ್ದರು. ಪ್ಲೇಗ್ ಕಮಿಟಿಯ ಮುಖ್ಯಸ್ಥ, ರ್ಯಾಂಡ್ ಅನ್ನುವ ಬ್ರಿಟಿಷ್ ಅಧಿಕಾರಿಗೆ ಆ ಜೂನಿನಲ್ಲಿ ಚಾಪೇಕರ್ ಸಹೋದರರು ಗುಂಡು ಹೊಡೆದದ್ದು ಇದೇ ಸಿಟ್ಟಿಗೆ. ನಮ್ಮ ಅಜ್ಜಿ ತನ್ನ ಅವ್ವನಿಂದ ಕೇಳಿದ ಮಾತು ಹೇಳುತ್ತಿದ್ದಳು, ಜ್ವರ ಬಂದವರನ್ನು ಕಣಜದ ಹಿಂದೆ ಅಡಗಿಸಿ ಮೇಲೆ ಕೌದಿ ಹಾಕುತ್ತಿದ್ದರಂತೆ, ಸಾಹೇಬರ ದವಾಖಾನೆಗೆ ಹೋದವರು ತಿರುಗಿ ಬರುವುದಿಲ್ಲ ಅಂತ. ಸಾಹೇಬರು ಬರೆದಿಟ್ಟಿದ್ದೇನು? ಕರಿ ಜನ ಮೂಢರು, ಸಂಶಯದವರು ಅಂತ. ನಿಮ್ಮ ಮಗಳ ಮಾತೂ ಅದೇ ಆಯಿತಲ್ಲ. ಆದರೆ ಅದೇ ಹೊತ್ತಿನಲ್ಲಿ, 1898ರಲ್ಲಿ, ಪಕ್ಕದ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆಯನ್ನು ಸಾವಿರಾರು ಜನ ಹಾಕಿಸಿಕೊಂಡರು. ಜನ ಅದೇ ಜನ.

ಮಗಳಿಗೆ ಒಂದು ಸಣ್ಣ ಕೆಲಸ ಹೇಳಿ. ಗುಳಿಗೆ ಕೈಗೆ ಕೊಡುವ ಮೊದಲು, ಅವರು ಕೇಳುವುದಕ್ಕೂ ಮುಂಚೆ, ‘ಇದು ರಕ್ತದೊತ್ತಡಕ್ಕೆ, ಇದರಿಂದ ಸ್ವಲ್ಪ ತಲೆ ಸುತ್ತಬಹುದು’ ಅಂತ ತಾನೇ ಹೇಳಲಿ. ಹದಿನೈದು ಸೆಕೆಂಡಿನ ಮಾತು. ಒಂದು ತಿಂಗಳು ಬಿಟ್ಟು ಏನಾಯಿತು ಅಂತ ನನಗೆ ಬರೆಯಿರಿ. ಮತ್ತೆ ನೀವು, ಕಣ್ಣು ತೆರೆದು ನುಂಗಿ. ನಿಮ್ಮ ಪತ್ರದ ಹಿಂದೆ ಬರೆದ ಐದು ಗುಳಿಗೆಗಳಲ್ಲಿ ಎರಡು ಹೊಟ್ಟೆಯ ಆಮ್ಲಕ್ಕೇ ಕೊಟ್ಟಿದ್ದಾರೆ, ಯಾಕೆ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ನಮ್ಮ ಮಾವನವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿದೆ, ನೋವಿಲ್ಲ. ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ನೋಡಲು ಬಂದವರು ಮಣಿಪುರದ ಒಬ್ಬ ಸಣ್ಣ ವಯಸ್ಸಿನ ಡಾಕ್ಟರು. ಮಾವ ‘ಚೀನಾದವನ ಕೈಯಾಗ ಕಾಲು ಕೊಡಂಗಿಲ್ಲ’ ಅಂತ ಎಲ್ಲರ ಮುಂದೆ ಕೂಗಿ ಎದ್ದು ಬಂದರು. ನಮಗೆ ನಾಚಿಕೆಯಾಯಿತು. ಆದರೆ ಮೇಡಂ, ಆ ಡಾಕ್ಟರಿಗೆ ಮಾವನ ಮಾತು ಅರ್ಧ ತಿಳಿಯುತ್ತಲೂ ಇರಲಿಲ್ಲ. ನಮ್ಮ ಕಡೆಯ ಡಾಕ್ಟರೇ ಬೇಕು ಅಂತ ಕೇಳುವುದು ತಪ್ಪಾ?
ಸೊಸೆ, ಗೋಕಾಕ

ಉತ್ತರ: ತಂಗಿ, ನೀವು ಎರಡು ಬೇರೆ ಮಾತುಗಳನ್ನು ಒಂದೇ ಗಂಟು ಕಟ್ಟಿದ್ದೀರಿ. ನನ್ನ ಮಾತು ತಿಳಿಯುವವರು ಬೇಕು ಅನ್ನುವುದು ತಪ್ಪಲ್ಲ, ಅದನ್ನು ಗಟ್ಟಿಯಾಗಿ ಕೇಳಿ. ‘ಎದಿ ಹಿಡದಂಗ ಆಗ್ತದ’, ‘ಕಾಲು ಜುಮ್ ಅಂತಾವ’, ‘ಹೊಟ್ಟಿ ತೊಳಸ್ತದ’, ಇವು ಮೂರೂ ಬೇರೆ ಬೇರೆ ರೋಗದ ಬಾಗಿಲು. ಇವು ಬೆಂಗಳೂರಿನ ಡಾಕ್ಟರಿಗೇ ಸರಿಯಾಗಿ ತಿಳಿಯುವುದಿಲ್ಲ! ನರ್ಸನ್ನೋ, ಕನ್ನಡ ಬರುವ ಇನ್ನೊಬ್ಬ ಡಾಕ್ಟರನ್ನೋ ಪಕ್ಕಕ್ಕೆ ಕರೆಯಿರಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. 2019ರಿಂದ ವೈದ್ಯಕೀಯ ಕಾಲೇಜುಗಳಲ್ಲಿ ಶುರುವಿನ ಪಾಠಗಳಲ್ಲೇ ಊರ ಭಾಷೆ ಕಲಿಸಬೇಕು ಅಂತ ಇದೆ. ಕಲಿಯುವುದು ಮಾತ್ರ ನಿಮ್ಮ ಮಾವನಂಥವರ ಹತ್ತಿರವೇ.

ಮುಖ ನೋಡಿ ಬೇಡ ಅನ್ನುವುದು ತಪ್ಪು. ಇದರಲ್ಲಿ ಸುತ್ತಿ ಬಳಸಿ ಹೇಳುವುದಿಲ್ಲ. ಮಣಿಪುರ ಭಾರತದಲ್ಲಿದೆ. ಕೋವಿಡ್ ಶುರುವಾದಾಗ ಈಶಾನ್ಯದ ಹುಡುಗ ಹುಡುಗಿಯರನ್ನು ಬೀದಿಯಲ್ಲಿ ‘ಕೊರೊನಾ’ ಅಂತ ಕೂಗುತ್ತಿದ್ದರು. 2020ರ ಮಾರ್ಚಿನಲ್ಲಿ ಕೇಂದ್ರ ಗೃಹ ಇಲಾಖೆಯೇ ಇದನ್ನು ನಿಲ್ಲಿಸಿ ಅಂತ ರಾಜ್ಯಗಳಿಗೆ ಬರೆಯಬೇಕಾಯಿತು. ಹಾಗೆ ಕೂಗಿಸಿಕೊಂಡ ನರ್ಸ್, ಡಾಕ್ಟರುಗಳೂ ಮರುದಿನ ಕೆಲಸಕ್ಕೆ ಹೋಗುತ್ತಿದ್ದರು. ಮೊದಲ ಪತ್ರದ ಹುಡುಗನಿಗೆ ‘ಯಾವ ದೇಶ’ ಅಂದ ಡಾಕ್ಟರ ಮೇಲೆ ನಿಮಗೂ ಸಿಟ್ಟು ಬಂತಲ್ಲ? ನಿಮ್ಮ ಮಾವ ಕುರ್ಚಿಯ ಈ ಕಡೆ ಕೂತು ಅದನ್ನೇ ಮಾಡಿದರು. ಆ ಡಾಕ್ಟರು ಮುಂದಿನ ರೋಗಿಯ ಹತ್ತಿರ ಹೋಗುವಾಗ ಅವರ ಮನಸ್ಸು ಹೇಗಿದ್ದಿರಬೇಕು, ಅದನ್ನೂ ಸ್ವಲ್ಪ ಯೋಚಿಸಿ.

ಮಾವನ ಹತ್ತಿರ ವಾದ ಬೇಡ. ವಯಸ್ಸಾದವರು, ಕಾಲು ಹೋಗುತ್ತದೆ ಅನ್ನುವ ಹೆದರಿಕೆ ಇದ್ದವರು, ಹೆದರಿಕೆಯನ್ನು ಯಾರ ಮೇಲಾದರೂ ಹಾಕುತ್ತಾರೆ. ‘ಆ ಡಾಕ್ಟರು ಸಕ್ಕರೆ ಕಾಲನ್ನು ದಿನಾ ನೋಡುವವರು, ನಾನು ಪಕ್ಕದಲ್ಲೇ ನಿಂತು ನಿಮ್ಮ ಮಾತು ಅವರಿಗೆ ತಿಳಿಸುತ್ತೇನೆ’ ಅಂತ ಮಾತ್ರ ಹೇಳಿ, ಕರೆದುಕೊಂಡು ಹೋಗಿ. ಆ ಹುಡುಗನೇ ಸಿಕ್ಕರೆ ನೀವೇ ಒಂದು ಮಾತು ಕ್ಷಮೆ ಕೇಳಿಬಿಡಿ, ಮಾವನಿಗಾಗಿ ಕಾಯಬೇಡಿ.

ಅಂದಹಾಗೆ, ಪತ್ರ ಎರಡು ಪುಟ ಇದೆ. ಡಾಕ್ಟರ ಮುಖದ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಹುಣ್ಣು ಎಷ್ಟು ದೊಡ್ಡದು, ವಾಸನೆ ಇದೆಯಾ, ಸುತ್ತ ಕಪ್ಪಾಗಿದೆಯಾ, ಸಕ್ಕರೆ ಎಷ್ಟಿದೆ, ಒಂದೂ ಇಲ್ಲ. ನೋವಿಲ್ಲ ಅಂತ ಬರೆದಿದ್ದೀರಿ, ಅದೇ ನನಗೆ ಹೆದರಿಕೆ, ಸಕ್ಕರೆಯವರಲ್ಲಿ ನರ ಸತ್ತಾಗ ನೋವು ತಿಳಿಯುವುದಿಲ್ಲ. ಪತ್ರ ಬಂದು ಹನ್ನೊಂದು ದಿನ ಆಗಿದೆ. ಈ ಸಂಚಿಕೆ ನಿಮ್ಮ ಕೈಗೆ ಬರುವ ಹೊತ್ತಿಗೆ ಇನ್ನೂ ತೋರಿಸಿರದಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ ಬಸ್ ಹತ್ತಿ.